ಸೂಜಿ ಕೈಯಲ್ಲಿ, ಕಣ್ಣು ಪುಸ್ತಕದಲ್ಲಿ: ಹೆಣಿಗೆಯನ್ನು ಬೇರೆ ಹವ್ಯಾಸಗಳ ಜೊತೆ ಹೇಗೆ ನಡೆಸುತ್ತೀರಿ?

ನೂಲಿನುಂಡೆ:

ಎಲ್ಲರಿಗೂ ನಮಸ್ಕಾರ. ನಾನು ಹೆಣಿಗೆ ಕಲಿತು 2 ವರ್ಷಗಳಾದವು. ಅದಕ್ಕೂ ಮೊದಲಿನಿಂದ ಓದುವ ಹವ್ಯಾಸವಿದೆ, ಕುಂಡಗಳಲ್ಲಿ ಒಂದಿಷ್ಟು ಗಿಡಗಳಿವೆ, ಸಂಜೆಯ ನಡಿಗೆಯನ್ನು ತಪ್ಪಿಸುವುದಿಲ್ಲ. ಹೆಣಿಗೆ ಬಂದ ಮೇಲೆ ಇವುಗಳಲ್ಲಿ ಯಾವುದನ್ನೂ ಬಿಡಬಾರದೆಂದು ನಿರ್ಧರಿಸಿ, ಎಲ್ಲವನ್ನೂ ಒಂದರ ಮೇಲೊಂದು ಹೇರಿಕೊಂಡೆ. ಅದರ ಫಲ ಈಗ ನನ್ನ ಮಡಿಲಲ್ಲಿದೆ. ಕಂಕುಳಿನವರೆಗೆ ಬಂದಿರುವ ಸ್ವೆಟರಿನ ಎದೆಯ ಮೇಲೆ, ಕುಣಿಕೆಗಳನ್ನು ಅದಲುಬದಲು ಮಾಡಿ ಮೂಡಿಸುವ ಜಡೆಯ ವಿನ್ಯಾಸದಲ್ಲಿ, ಎಡಕ್ಕೆ ವಾಲಬೇಕಾಗಿದ್ದ ತಿರುವೊಂದು 14 ಸಾಲುಗಳ ಕೆಳಗೆ ಬಲಕ್ಕೆ ವಾಲಿ ಕುಳಿತಿದೆ. ಆ ಸಾಲನ್ನು ಹೆಣೆಯುತ್ತಿದ್ದಾಗ ಕಾದಂಬರಿಯ ಯಾವ ಪ್ರಸಂಗದಲ್ಲಿದ್ದೆ ಎಂಬುದು ನನಗೆ ಚೆನ್ನಾಗಿ ನೆನಪಿದೆ, ಜಡೆ ಹಾಕಿದ್ದು ಮಾತ್ರ ನೆನಪಿಲ್ಲ.

"ಸಮಯ ಹೊಂದಿಸಿಕೊಳ್ಳಿ" ಎಂಬ ಸಲಹೆ ನನಗೆ ಬೇಡ, ಅದನ್ನು ಬೇಕಾದಷ್ಟು ಕೇಳಿಯಾಗಿದೆ. ಯಾವ ಹವ್ಯಾಸದ ಜೊತೆ ಯಾವ ಹೆಣಿಗೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂಬುದನ್ನು ನಿಮ್ಮ ಅನುಭವದಿಂದ ಹೇಳಿ. ಸ್ವೆಟರನ್ನು ಪಕ್ಕಕ್ಕಿಟ್ಟು ಕಾಲುಚೀಲಕ್ಕೆ ಇಳಿಯಬೇಕೆಂಬ ಆಲೋಚನೆಯೂ ಇದೆ, ಆದರೆ ಕಾಲುಚೀಲವನ್ನು ನಾನು ಇದುವರೆಗೆ ಹೆಣೆದಿಲ್ಲ.

ಐದು ಸೂಜಿ:

ಪುಸ್ತಕದ ಪಕ್ಕದಲ್ಲಿ ಜಡೆಯ ವಿನ್ಯಾಸವನ್ನು ಇಟ್ಟುಕೊಂಡದ್ದೇ ತಪ್ಪು. ಎರಡೂ ಕಣ್ಣನ್ನೇ ಕೇಳುತ್ತವೆ. ಹವ್ಯಾಸಗಳನ್ನು ಅವು ತಿನ್ನುವ ಸಮಯದ ಲೆಕ್ಕದಲ್ಲಿ ನೋಡುವುದನ್ನು ಬಿಟ್ಟು, ಕಣ್ಣು, ಕಿವಿ, ಕೈ, ಎಣಿಕೆ ಇವುಗಳಲ್ಲಿ ಯಾವುದನ್ನು ಕೇಳುತ್ತವೆ ಎಂಬ ಲೆಕ್ಕದಲ್ಲಿ ನೋಡಲು ಆರಂಭಿಸಿದ ಮೇಲೆ ನನ್ನ ಬಹಳಷ್ಟು ತೊಂದರೆಗಳು ತಾವಾಗಿಯೇ ತಪ್ಪಿದವು. ಕಾಲುಚೀಲವನ್ನು ನಾನು ಇಷ್ಟಪಡುವುದು ಇದೇ ಕಾರಣಕ್ಕೆ. ಒಂದೇ ಕಾಲುಚೀಲದೊಳಗೆ ಕಣ್ಣು ಬೇಡದ ಭಾಗವೂ ಇದೆ, ಉಸಿರು ಬಿಗಿಹಿಡಿದು ಕೂರಬೇಕಾದ ಭಾಗವೂ ಇದೆ, ಅವು ಎಲ್ಲೆಲ್ಲಿ ಬರುತ್ತವೆ ಎಂಬುದು ಮೊದಲೇ ಗೊತ್ತಿರುತ್ತದೆ.

ನನ್ನ ಲೆಕ್ಕವನ್ನೇ ಹೇಳುತ್ತೇನೆ. ಪಾದದ ಸುತ್ತಳತೆ 9 ಇಂಚು, ಇಂಚಿಗೆ 8 ಕುಣಿಕೆ ಎಂದಿಟ್ಟುಕೊಂಡರೆ 72 ಕುಣಿಕೆಗಳಾಗುತ್ತವೆ. ಕಾಲುಚೀಲ ಜಾರದಿರಬೇಕಾದರೆ ಅದು ಪಾದಕ್ಕಿಂತ ಶೇಕಡಾ 10ರಷ್ಟು ಚಿಕ್ಕದಾಗಿರಬೇಕು, ಹಾಗಾಗಿ 64 ಕುಣಿಕೆಗಳನ್ನು ಸೂಜಿಗೆ ಏರಿಸುತ್ತೇನೆ. ಸೂಜಿ 2.25 ಅಥವಾ 2.5 ಮಿಲಿಮೀಟರಿನದು. ಮೊದಲ ಒಂದೂವರೆ ಇಂಚು ಎರಡು ಸೀದಾ ಕುಣಿಕೆ, ಎರಡು ಉಲ್ಟಾ ಕುಣಿಕೆ ಎಂಬ ರಿಬ್, ಅಂದರೆ ಹಿಗ್ಗಿ ಕುಗ್ಗುವ ಅಂಚುಪಟ್ಟಿ. ಇದನ್ನು ಕಣ್ಣಿಟ್ಟು ನೋಡಿಯೇ ಮಾಡಬೇಕು, ಆದರೆ ಕಿವಿ ಬಿಡುವಾಗಿರುತ್ತದೆ. ಅನಂತರ ಬರುವ ಕಣಕಾಲಿನ ಭಾಗ ಸುತ್ತಿ ಸುತ್ತಿ ಬರೀ ಸೀದಾ. ಇಲ್ಲಿ ಓದಬಹುದು, ಹರಟಬಹುದು, ಕತ್ತಲಲ್ಲಿ ಕುಳಿತು ಸಂಗೀತ ಕೇಳಬಹುದು.

ಹಿಮ್ಮಡಿ ಬಂದಾಗ ಮಾತ್ರ ಎಲ್ಲವನ್ನೂ ನಿಲ್ಲಿಸುತ್ತೇನೆ. 64ರಲ್ಲಿ ಅರ್ಧ, ಅಂದರೆ 32 ಕುಣಿಕೆಗಳ ಮೇಲೆ ಹಿಂದಕ್ಕೂ ಮುಂದಕ್ಕೂ 32 ಸಾಲುಗಳು. ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ಹಾಗೆಯೇ ದಾಟಿಸಿದರೆ ಎರಡೂ ಅಂಚುಗಳಲ್ಲಿ ತಲಾ 16 ದೊಡ್ಡ ಕುಣಿಕೆಗಳ ಸರಪಣಿ ಮೂಡುತ್ತದೆ. ಆಮೇಲೆ ಹಿಮ್ಮಡಿಯನ್ನು ತಿರುಗಿಸುವ ಕೆಲಸ. 17 ಸೀದಾ, ಎರಡನ್ನು ಸೇರಿಸಿ ಒಂದು, ಇನ್ನೊಂದು ಸೀದಾ, ಅಲ್ಲಿಗೆ ಸಾಲನ್ನು ಅರ್ಧಕ್ಕೆ ಬಿಟ್ಟು ತಿರುಗಬೇಕು. ಒಂದನ್ನು ದಾಟಿಸಿ, 3 ಉಲ್ಟಾ, ಎರಡನ್ನು ಸೇರಿಸಿ ಒಂದು, ಇನ್ನೊಂದು ಉಲ್ಟಾ, ಮತ್ತೆ ತಿರುಗಬೇಕು. ಹೀಗೆ ಪ್ರತಿ ಸಲ ಒಂದೊಂದು ಕುಣಿಕೆ ಹೆಚ್ಚು ಮುಂದೆ ಹೋಗುತ್ತ ಹೋದಂತೆ 32 ಕುಣಿಕೆಗಳು 18ಕ್ಕೆ ಇಳಿಯುತ್ತವೆ, ಚಪ್ಪಟೆಯಾಗಿದ್ದ ಬಟ್ಟೆ ಕೈಯಲ್ಲೇ ಬಟ್ಟಲಿನಂತೆ ಗುಳಿಯಾಗುತ್ತದೆ. ಎಷ್ಟೋ ಜೊತೆ ಹೆಣೆದ ಮೇಲೂ ಈ ಕ್ಷಣದಲ್ಲಿ ನಾನು ಒಮ್ಮೆ ಹೆಬ್ಬೆರಳನ್ನು ಆ ಗುಳಿಯೊಳಗೆ ಇಟ್ಟು ನೋಡುತ್ತೇನೆ.

ಆಮೇಲೆ ಎರಡೂ ಅಂಚುಗಳಿಂದ 16 ಮತ್ತು 16 ಕುಣಿಕೆಗಳನ್ನು ಎತ್ತಿಕೊಂಡರೆ, ಪಾದದ ಮೇಲ್ಬದಿಗೆಂದು ಬಿಟ್ಟಿದ್ದ ಉಳಿದ 32 ಸೇರಿ ಒಟ್ಟು 82 ಆಗುತ್ತವೆ. ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ 2 ಕುಣಿಕೆಗಳನ್ನು ಇಳಿಸುತ್ತ 18 ಸುತ್ತುಗಳಲ್ಲಿ ಮತ್ತೆ 64ಕ್ಕೆ ಬರಬೇಕು. ಅಲ್ಲಿಂದ ಕಾಲ್ಬೆರಳಿನ ಬುಡದವರೆಗೆ ಮತ್ತೆ ಓದುವ ಕಾಲ. ಕೊನೆಯಲ್ಲಿ ಬೆರಳಿನ ಭಾಗವನ್ನು ಕಿರಿದು ಮಾಡಿ, ಉಳಿದ ಕುಣಿಕೆಗಳನ್ನು ಹೊಲಿಗೆ ಸೂಜಿಯಿಂದ ಎದುರುಬದುರಾಗಿ ಕೂಡಿಸುವಾಗ ಮನೆಯವರು ಕರೆದರೂ ನಾನು ಓಗೊಡುವುದಿಲ್ಲ.

ಪುಸ್ತಕದ ಹುಳು:

ಐದು ಸೂಜಿ ಅವರ ಲೆಕ್ಕವನ್ನು ಒಪ್ಪುತ್ತೇನೆ, ಓದಿನ ವಿಷಯವೊಂದನ್ನು ಬಿಟ್ಟು. ನಾನು ಒಂದು ಇಡೀ ವರ್ಷ ಕಾಲುಚೀಲ ಹೆಣೆಯುತ್ತ ಓದಿದ್ದೇನೆ. ಪುಸ್ತಕವನ್ನು ಸ್ಟ್ಯಾಂಡಿನ ಮೇಲಿಟ್ಟು, ಪುಟಗಳು ಮಗುಚದಂತೆ ಎರಡೂ ಬದಿಗೆ ಕ್ಲಿಪ್ ಹಾಕಿ, ಸುತ್ತು ಮುಗಿದಾಗಲೊಮ್ಮೆ ಪುಟ ತಿರುಗಿಸುತ್ತಿದ್ದೆ. ಕೈಗಳಿಗೆ ಯಾವ ತೊಂದರೆಯೂ ಆಗಲಿಲ್ಲ. ಬೆರಳಿನ ತುದಿಗೆ ಸೀದಾ ಕುಣಿಕೆ ನುಣುಪಾಗಿ, ಉಲ್ಟಾ ಕುಣಿಕೆ ಸಣ್ಣ ಗಂಟಿನಂತೆ ತಾಗುತ್ತದೆ, ಆದ್ದರಿಂದ ನೋಡದೆಯೂ ವ್ಯತ್ಯಾಸ ತಿಳಿಯುತ್ತದೆ. ಪೆಟ್ಟು ಬಿದ್ದದ್ದು ಓದಿಗೆ. ಒಂದು ವಾಕ್ಯ ಚೆನ್ನಾಗಿದ್ದರೆ ಅಲ್ಲಿ ನಿಂತು ಇನ್ನೊಮ್ಮೆ ಓದುವುದು ನನ್ನ ಅಭ್ಯಾಸ. ಕೈಗಳು ಒಂದೇ ಲಯದಲ್ಲಿ ಓಡುತ್ತಿದ್ದರೆ ಕಣ್ಣೂ ಆ ಲಯಕ್ಕೇ ಬಿದ್ದು ಮುಂದಕ್ಕೆ ಓಡುತ್ತದೆ, ಎಲ್ಲಿಯೂ ನಿಲ್ಲುವುದಿಲ್ಲ. ಆ ವರ್ಷ 7 ಜೊತೆ ಕಾಲುಚೀಲ ಮುಗಿಸಿದೆ. ಓದಿದ ಪುಸ್ತಕಗಳಲ್ಲಿ ಎರಡನ್ನು ಮತ್ತೆ ಮೊದಲಿನಿಂದ ಓದಬೇಕಾಯಿತು.

ಈಗ ಕೇಳುವ ಪುಸ್ತಕಗಳನ್ನು ಹೆಣಿಗೆಗೆ ಬಿಟ್ಟುಕೊಟ್ಟಿದ್ದೇನೆ, ಅಚ್ಚಿನ ಪುಸ್ತಕವನ್ನು ಬರಿಗೈಯಲ್ಲೇ ಹಿಡಿಯುತ್ತೇನೆ. ಕವಿತೆಯಾದರೆ ಕೇಳುವುದೂ ಆಗುವುದಿಲ್ಲ, ಸೂಜಿ ತಾನಾಗಿ ನಿಂತುಬಿಡುತ್ತದೆ. ಅದು ಕವಿತೆಯ ಗುಣವೋ ನನ್ನ ಸೋಮಾರಿತನವೋ ತಿಳಿಯದು.

ಕೈತೋಟ:

ಗಿಡಗಳ ವಿಷಯಕ್ಕೆ ಒಂದು ಮಾತು. ಮಣ್ಣಿನ ಕೆಲಸಕ್ಕೂ ಉಣ್ಣೆಗೂ ನೇರವಾದ ಜಗಳವಿದೆ, ಅದು ಸಮಯದ ಜಗಳವಲ್ಲ, ಚರ್ಮದ ಜಗಳ. ಕುಂಡ ಬದಲಿಸಿದ ದಿನ ತೋರುಬೆರಳಿನ ಪಕ್ಕದ ಚರ್ಮ ಒಣಗಿ ಅಲ್ಲಲ್ಲಿ ಸಿಗುರು ಏಳುತ್ತದೆ. ಮೆರಿನೊದಂಥ ನುಣುಪಾದ ಉಣ್ಣೆ ಆ ಬೆರಳಿನ ಮೇಲೆ ಹಾಯುವಾಗ ಪ್ರತಿ ಕುಣಿಕೆಗೊಮ್ಮೆ ಸಣ್ಣಗೆ ಸಿಕ್ಕಿಕೊಳ್ಳುತ್ತದೆ, ಎಳೆ ಬಿರಿದು ರೋಮವೇಳುತ್ತದೆ. ನಾನು ಮಾಡಿದ ಒಂದು ಬಿಳಿ ಕಾಲುಚೀಲದ ಕಣಕಾಲಿನಲ್ಲಿ ಬೂದುಬಣ್ಣದ ತೆಳು ಪಟ್ಟಿಯೊಂದಿದೆ. ನೋಡಿದವರು ಅದನ್ನು ವಿನ್ಯಾಸವೆಂದೇ ತಿಳಿಯುತ್ತಾರೆ. ಅದು ಉಗುರಿನ ಸಂದಿಯ ಮಣ್ಣು.

ಆದ್ದರಿಂದ ನನ್ನ ದಿನದಲ್ಲಿ ಹೆಣಿಗೆ ಮೊದಲು, ತೋಟ ಆಮೇಲೆ. ಕ್ರಮ ಹಿಂದುಮುಂದಾದ ದಿನ ಕೈ ತೊಳೆದು, ಕ್ರೀಮ್ ಹಚ್ಚಿ, ಅದು ಪೂರ್ತಿ ಹೀರುವವರೆಗೆ ಕಾಯಬೇಕು, ಉಗುರಿನ ಮೂಲೆಯನ್ನು ಉಜ್ಜಿ ನುಣುಪು ಮಾಡಿಕೊಳ್ಳಬೇಕು. ಬಿಗಿಯಾಗಿ ಹುರಿ ಮಾಡಿದ ಕಾಲುಚೀಲದ ನೂಲು ಸಡಿಲ ಹುರಿಯ ನೂಲಿಗಿಂತ ಈ ಹಿಂಸೆಯನ್ನು ಚೆನ್ನಾಗಿ ತಾಳುತ್ತದೆ.

ಚದುರಂಗಿ:

ಚದುರಂಗದ ಜೊತೆ ಹೆಣಿಗೆ ಸಾಧ್ಯವೇ ಎಂದು ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ: ಎದುರಾಳಿ ಯೋಚಿಸುವಾಗ ಸಾಧ್ಯ, ಆದರೆ ಬುದ್ಧಿವಂತಿಕೆಯಲ್ಲ. ನನ್ನ ಜೊತೆ ವಾರಕ್ಕೊಮ್ಮೆ ಆಡುವ ಗೆಳೆಯರು ಬಹಳ ದಿನಗಳ ನಂತರ ಗುಟ್ಟು ಬಿಟ್ಟುಕೊಟ್ಟರು. ನನ್ನ ಸ್ಥಿತಿ ಕೆಟ್ಟಾಗಲೆಲ್ಲ ಸೂಜಿಗಳ ಸದ್ದು ಜೋರಾಗುತ್ತಿತ್ತಂತೆ, ಅವರು ಹಲಗೆಗಿಂತ ಹೆಚ್ಚಾಗಿ ಅದನ್ನೇ ಕೇಳಿಸಿಕೊಂಡು ಆಡುತ್ತಿದ್ದರಂತೆ.

ತೋಳಿಲ್ಲದ ಸ್ವೆಟರ್:

ಚದುರಂಗಿ ಅವರು ತಮಾಷೆಗೆ ಹೇಳಿದ್ದು ಸ್ವೆಟರಿನ ಮಟ್ಟಿಗೆ ಗಂಭೀರವಾದ ವಿಷಯ. ಮನಸ್ಸಿನ ಸ್ಥಿತಿ ಕೈಯ ಬಿಗಿಗೆ ಇಳಿಯುತ್ತದೆ, ಕೈಯ ಬಿಗಿ ಅಳತೆಗೆ ಇಳಿಯುತ್ತದೆ. ಕಾಲುಚೀಲ ಚಿಕ್ಕದು, ಹಿಗ್ಗುವಂಥದು, ಸ್ವಲ್ಪ ಏರುಪೇರನ್ನು ನುಂಗಿಕೊಳ್ಳುತ್ತದೆ. ಸ್ವೆಟರ್ ನುಂಗಿಕೊಳ್ಳುವುದಿಲ್ಲ. 200 ಕುಣಿಕೆಗಳ ಸ್ವೆಟರ್, ಇಂಚಿಗೆ 5 ಕುಣಿಕೆ ಬಂದರೆ ಸುತ್ತಳತೆ 40 ಇಂಚು. ಅದೇ 200 ಕುಣಿಕೆಗಳು ಇಂಚಿಗೆ ಐದೂವರೆಯಂತೆ ಬಂದರೆ ಸುತ್ತಳತೆ 36 ಇಂಚು ಚಿಲ್ಲರೆ. ಇಂಚಿನಲ್ಲಿ ಅರ್ಧ ಕುಣಿಕೆಯ ವ್ಯತ್ಯಾಸ ಕಣ್ಣಿಗೆ ಕಾಣುವುದೂ ಇಲ್ಲ, ಆದರೆ ತೊಡುವವರೇ ಬದಲಾಗಬೇಕಾಗುತ್ತದೆ.

ನನ್ನ ಹೆಸರಿನ ಹಿಂದಿನ ಕಥೆಯೂ ಇದೇ. ಒಂದು ಸ್ವೆಟರಿನ ಎಡತೋಳನ್ನು ನಾನು ಹಳೆಯ ಸಂಗೀತ ಕೇಳುತ್ತ, ಬಿಡುವಿನಲ್ಲಿ ಹೆಣೆದೆ. 10 ಸೆಂಟಿಮೀಟರಿಗೆ 28 ಸಾಲುಗಳು ಬಂದವು, 45 ಸೆಂಟಿಮೀಟರಿನ ತೋಳಿಗೆ 126 ಸಾಲುಗಳಾದವು. ಬಲತೋಳನ್ನು ಒಂದು ಪತ್ತೇದಾರಿ ಕಥೆಯನ್ನು ಕೇಳುತ್ತ ಹೆಣೆದೆ. ಸಾಲುಗಳನ್ನು ಪ್ರಾಮಾಣಿಕವಾಗಿ 126ರವರೆಗೆ ಎಣಿಸಿ ನಿಲ್ಲಿಸಿದೆ. ಎರಡನ್ನೂ ಮೇಜಿನ ಮೇಲೆ ಜೋಡಿಸಿಟ್ಟಾಗ ಬಲತೋಳು 4 ಸೆಂಟಿಮೀಟರಿಗಿಂತ ಹೆಚ್ಚು ಗಿಡ್ಡವಾಗಿತ್ತು. ಅಳೆದು ನೋಡಿದರೆ 10 ಸೆಂಟಿಮೀಟರಿಗೆ 31 ಸಾಲುಗಳು. ಕೊಲೆಗಾರ ಯಾರೆಂದು ತಿಳಿಯುವ ಅಧ್ಯಾಯದ ಹೊತ್ತಿಗೆ ಮೊಳಕೈಯ ಭಾಗ ಹೆಣೆಯುತ್ತಿದ್ದೆನೆಂದು ತೋರುತ್ತದೆ, ಅಲ್ಲಿ ಬಟ್ಟೆ ಹಲಗೆಯಂತೆ ಬಿಗಿಯಾಗಿತ್ತು. ಸಿಟ್ಟಿನಲ್ಲಿ ಎರಡೂ ತೋಳುಗಳನ್ನು ಬಿಚ್ಚಿ, ಅದನ್ನು ತೋಳಿಲ್ಲದ ಸ್ವೆಟರನ್ನಾಗಿ ಮುಗಿಸಿದೆ.

ಅಲ್ಲಿಂದ ಮುಂದೆ ಎರಡು ನಿಯಮಗಳನ್ನು ಇಟ್ಟುಕೊಂಡಿದ್ದೇನೆ. ತೋಳುಗಳೆರಡನ್ನೂ ಒಂದೇ ಉದ್ದನೆಯ ಸರ್ಕ್ಯುಲರ್ ಸೂಜಿಯ (ಎರಡು ಮೊನೆಗಳ ನಡುವೆ ಬಾಗುವ ತಂತಿಯಿರುವ ಸೂಜಿ) ಮೇಲೆ, ಎರಡು ಉಂಡೆಗಳಿಂದ, ಒಟ್ಟಿಗೆ ಹೆಣೆಯುತ್ತೇನೆ. ಕಥೆ ಬಿಗಿಯಾದರೆ ಎರಡೂ ತೋಳುಗಳು ಒಟ್ಟಿಗೆ ಬಿಗಿಯಾಗುತ್ತವೆ, ಕನಿಷ್ಠ ಜೋಡಿಯಾದರೂ ಹೊಂದುತ್ತದೆ. ಎರಡನೆಯದು, ಅಳತೆಗಾಗಿ ಹೆಣೆಯುವ ಮಾದರಿ ತುಂಡನ್ನು ಸ್ವೆಟರ್ ಹೆಣೆಯುವ ಸ್ಥಿತಿಯಲ್ಲಿಯೇ ಹೆಣೆಯುತ್ತೇನೆ. ಸುತ್ತಿನಲ್ಲಿ ಹೆಣೆಯುವ ಸ್ವೆಟರಿಗೆ ಸುತ್ತಿನದೇ ತುಂಡು ಬೇಕು, ಏಕೆಂದರೆ ಬಹಳ ಜನರ ಉಲ್ಟಾ ಸಾಲು ಸೀದಾ ಸಾಲಿಗಿಂತ ಸಡಿಲ. ತುಂಡನ್ನು ನೀರಿನಲ್ಲಿ ನೆನೆಸಿ, ಟವೆಲಿನಲ್ಲಿ ಒತ್ತಿ, ಹಾಸಿ ಒಣಗಿಸಿದ ಮೇಲೆಯೇ ಅಳೆಯಬೇಕು. ಉಣ್ಣೆ ನೀರು ಕುಡಿದ ಮೇಲೆ ತನ್ನ ನಿಜವಾದ ಅಳತೆಯನ್ನು ತೋರಿಸುತ್ತದೆ.

ಅಳತೆಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಹೆಣಿಗೆ ವಿನ್ಯಾಸಗಾರ್ತಿ ಎಲಿಜಬೆತ್ ಜಿಮ್ಮರ್‌ಮನ್ (1910–1999) ಸ್ವೆಟರಿನ ಎಲ್ಲ ಅಳತೆಗಳನ್ನೂ ಎದೆಯ ಕುಣಿಕೆಗಳ ಶೇಕಡಾವಾರಿನಲ್ಲಿ ಹೇಳುವ ಕ್ರಮವನ್ನು ಜನಪ್ರಿಯಗೊಳಿಸಿದರು. ಎದೆ 200 ಆದರೆ ಮುಂಗೈ ಶೇಕಡಾ 20, ಅಂದರೆ 40 ಕುಣಿಕೆ. ತೋಳಿನ ಮೇಲ್ಭಾಗ ಸುಮಾರು ಮೂರನೆಯ ಒಂದು ಪಾಲು, 66. ಕುತ್ತಿಗೆ ಶೇಕಡಾ 40, ಅಂದರೆ 80. ಬೇರೆ ಹವ್ಯಾಸ ಇರುವವರಿಗೆ ಇದು ದೊಡ್ಡ ಉಪಕಾರ. ಮುದ್ರಿತ ವಿನ್ಯಾಸವನ್ನು ಮಡಿಲಲ್ಲಿ ಹರಡಿಕೊಂಡು ಸಾಲುಸಾಲಿಗೂ ಬಗ್ಗಿ ನೋಡುವ ಅಗತ್ಯವಿಲ್ಲ, ನಾಲ್ಕು ಸಂಖ್ಯೆಗಳು ನೆನಪಿದ್ದರೆ ಕಂಕುಳಿನವರೆಗೆ ಕಣ್ಣು ಎಲ್ಲಿ ಬೇಕಾದರೂ ಇರಬಹುದು. ಯೋಕ್, ಅಂದರೆ ಕಂಕುಳಿನಿಂದ ಕುತ್ತಿಗೆಯವರೆಗಿನ ಭಾಗ, ಆರಂಭವಾದ ಮೇಲೆ ಮಾತ್ರ ಮೇಜಿನ ಮುಂದೆ ಕೂರುತ್ತೇನೆ.

ನೂಲಿನುಂಡೆ:

ಬಹಳ ಉಪಕಾರವಾಯಿತು. ಪತ್ತೇದಾರಿ ತೋಳಿನ ಕಥೆ ಓದಿ ನನ್ನ ಸ್ವೆಟರಿನ ಬೆನ್ನನ್ನು ಅಳೆದು ನೋಡಿದೆ, ಅದೃಷ್ಟಕ್ಕೆ ಅಲ್ಲಿ ಏರುಪೇರಿಲ್ಲ. ಆದರೆ ಆ ತಪ್ಪು ಜಡೆಯನ್ನು ಏನು ಮಾಡಲಿ? 14 ಸಾಲುಗಳನ್ನು ಬಿಚ್ಚುವುದೆಂದರೆ ಸುಮಾರು 3,000 ಕುಣಿಕೆಗಳು.

ಐದು ಸೂಜಿ:

ಎಲ್ಲವನ್ನೂ ಬಿಚ್ಚಬೇಡಿ. ಜಡೆ 6 ಕುಣಿಕೆಗಳದ್ದಾದರೆ ಆ 6 ಕುಣಿಕೆಗಳನ್ನು ಮಾತ್ರ ಸೂಜಿಯಿಂದ ಇಳಿಸಿ, ತಪ್ಪಿದ ತಿರುವಿನವರೆಗೆ ಬಿಚ್ಚಿ. ಅವುಗಳ ಎಡಬಲದ ಕುಣಿಕೆಗಳು ಸೂಜಿಯ ಮೇಲೆಯೇ ಇರಲಿ. ಬಿಚ್ಚಿದ ಜಾಗದಲ್ಲಿ ಏಣಿಯ ಮೆಟ್ಟಿಲುಗಳಂತೆ ಒಂದರ ಮೇಲೊಂದು 14 ಸಡಿಲವಾದ ಎಳೆಗಳು ಉಳಿಯುತ್ತವೆ, ಪ್ರತಿ ಎಳೆಯೂ ಒಂದು ಸಾಲಿನ ನೂಲು. ನೋಡಿದ ತಕ್ಷಣ ಎದೆ ಧಸಕ್ಕೆನ್ನುತ್ತದೆ, ಹೆದರಬೇಡಿ. ಕೆಳಗಿನ 6 ಕುಣಿಕೆಗಳನ್ನು ಎರಡೂ ತುದಿ ಚೂಪಾದ ಗಿಡ್ಡ ಸೂಜಿಗೆ ತೆಗೆದುಕೊಂಡು, ಎಡಕ್ಕೆ ವಾಲುವ ತಿರುವಾದ್ದರಿಂದ ಮೊದಲ ಮೂರನ್ನು ಬಟ್ಟೆಯ ಮುಂಬದಿಗೆ ಹಿಡಿದು, ಮುಂದಿನ ಮೂರನ್ನು ಮೊದಲು ಹೆಣೆಯಿರಿ. ಆಮೇಲೆ ಮೆಟ್ಟಿಲನ್ನು ತಪ್ಪಿಸದೆ, ಕೆಳಗಿನ ಎಳೆಯಿಂದ ಮೇಲಿನ ಎಳೆಯವರೆಗೆ ಒಂದೊಂದಾಗಿ ಬಳಸುತ್ತ ಬನ್ನಿ. ಮಧ್ಯದಲ್ಲಿ ಮತ್ತೊಂದು ತಿರುವು ಬರುತ್ತದೆಯೇ ಎಂದು ಮೊದಲೇ ಗುರುತು ಮಾಡಿಕೊಳ್ಳಿ. ಮುಗಿದ ಮೇಲೆ ಅಂಚಿನ ಕುಣಿಕೆಗಳು ಸ್ವಲ್ಪ ಸಡಿಲವಾಗಿ ಕಾಣುತ್ತವೆ, ಸೂಜಿಯ ಮೊನೆಯಿಂದ ಪಕ್ಕಕ್ಕೆ ಹಂಚಿದರೆ ಮೊದಲ ಒಗೆತದಲ್ಲಿ ಸರಿಹೋಗುತ್ತದೆ. ಹಗಲು ಬೆಳಕಿನಲ್ಲಿ ಮಾಡಿ. ಅಂದು ಬೇರೆ ಯಾವ ಹವ್ಯಾಸವೂ ಬೇಡ.

ತಂತಿ:

ನಾನು ತಂತಿವಾದ್ಯ ನುಡಿಸುತ್ತೇನೆ. ಇಲ್ಲಿಯವರೆಗೆ ಕಣ್ಣು ಕಿವಿಗಳ ಹಂಚಿಕೆಯ ಮಾತು ಬಂದಿತು, ಕೈಯ ಹಂಚಿಕೆಯ ಮಾತೂ ಬರಬೇಕು. ವಾದ್ಯಕ್ಕೂ ಹೆಣಿಗೆಗೂ ಬೇಕಾಗಿರುವುದು ಅದೇ ಮಣಿಕಟ್ಟು, ಅದೇ ಹೆಬ್ಬೆರಳಿನ ಬುಡ. ನಾನು ಹೊಸದಾಗಿ ಸ್ವೆಟರಿಗೆ ಕೈಹಾಕಿದಾಗ ಉದ್ದನೆಯ ನೇರ ಸೂಜಿಗಳನ್ನು ಬಳಸುತ್ತಿದ್ದೆ. ಬೆನ್ನಿನ ತುಂಡು ಬೆಳೆದಂತೆಲ್ಲ ಅದರ ಭಾರವೆಲ್ಲ ಸೂಜಿಯ ತುದಿಯಿಂದ ತೂಗಾಡಿ, ಮಣಿಕಟ್ಟು ಅದನ್ನು ಹೊರಬೇಕಾಗಿ ಬಂತು. ಮರುದಿನ ಬೆಳಿಗ್ಗೆ ಅಭ್ಯಾಸಕ್ಕೆ ಕುಳಿತರೆ ಬೆರಳುಗಳು ತಡವಾಗಿ ಬರುತ್ತಿದ್ದವು. ಸರ್ಕ್ಯುಲರ್ ಸೂಜಿಗೆ ಬದಲಾಯಿಸಿದೆ. ಚಪ್ಪಟೆ ತುಂಡನ್ನೂ ಅದರಲ್ಲಿಯೇ ಹಿಂದೆಮುಂದೆ ಹೆಣೆಯಬಹುದು, ಭಾರವು ನಡುವಿನ ತಂತಿಯ ಮೇಲೆ, ಅಂದರೆ ಮಡಿಲಿನಲ್ಲಿ ಕುಳಿತಿರುತ್ತದೆ. ನೂಲನ್ನು ಬಲಗೈಯಿಂದ ಬೀಸಿ ಸುತ್ತುವುದರ ಬದಲು ಎಡಗೈ ತೋರುಬೆರಳಿನ ಮೇಲೆ ಹಿಡಿದು ಸೂಜಿಯಿಂದ ಕೆದಕಿ ತೆಗೆಯುವ ರೀತಿಯನ್ನು ಕಲಿತ ಮೇಲೆ ಬಲಗೈಯ ಚಲನೆ ಬಹಳ ಕಡಿಮೆಯಾಯಿತು. ಕಲಿಯಲು ಒಂದು ತಿಂಗಳು ಹಿಡಿಯಿತು, ಆ ತಿಂಗಳು ಹೆಣೆದದ್ದು ಯಾರಿಗೂ ತೋರಿಸುವಂತಿಲ್ಲ.

ಒಂದು ಕಟ್ಟುನಿಟ್ಟು ಮಾತ್ರ ಇಂದಿಗೂ ಇದೆ. ವಾದ್ಯ ಮೊದಲು, ಸೂಜಿ ಆಮೇಲೆ, ಅದೂ 25 ನಿಮಿಷಗಳಿಗೊಮ್ಮೆ ಎದ್ದು ಕೈ ಕೊಡವಿ. ನೋವು ಬಂದರೆ ಅಂದಿಗೆ ಎರಡೂ ಇಲ್ಲ.

ದಾರಿಹೋಕ:

ನೂಲಿನುಂಡೆ ಅವರು ನಡಿಗೆಯ ಬಗ್ಗೆಯೂ ಕೇಳಿದ್ದರು, ಯಾರೂ ಉತ್ತರಿಸಲಿಲ್ಲ. ನಡೆಯುತ್ತ ಹೆಣೆಯುವುದು ಹೊಸ ಹುಚ್ಚೇನಲ್ಲ. ಶೆಟ್ಲೆಂಡ್ ದ್ವೀಪಗಳ ಹೆಂಗಸರು ಬೆನ್ನಿನ ಮೇಲೆ ಉರುವಲಿನ ಬುಟ್ಟಿ ಹೊತ್ತು ನಡೆಯುತ್ತಲೇ ಹೆಣೆಯುತ್ತಿದ್ದರು. ಸೊಂಟಕ್ಕೆ ರಂಧ್ರಗಳಿರುವ ಚರ್ಮದ ಮೆತ್ತೆಯ ಪಟ್ಟಿ ಕಟ್ಟಿಕೊಂಡು, ಬಲಸೂಜಿಯ ಹಿಂದಿನ ತುದಿಯನ್ನು ಅದರ ಒಂದು ರಂಧ್ರಕ್ಕೆ ಸಿಕ್ಕಿಸಿದರೆ ಆ ಸೂಜಿಯನ್ನು ಹಿಡಿಯುವ ಶ್ರಮವೇ ಇಲ್ಲ, ಬಲಗೈ ನೂಲನ್ನು ಮಾತ್ರ ನೋಡಿಕೊಂಡರೆ ಸಾಕು. ಫ್ರಾನ್ಸ್‌ನ ಲಾಂಡ್ ಪ್ರದೇಶದ ಕುರುಬರು ಜೌಗು ನೆಲದಲ್ಲಿ ಮರಗಾಲುಗಳ ಮೇಲೆ ನಿಂತು, ಕುರಿ ಕಾಯುತ್ತ ಹೆಣೆಯುತ್ತಿದ್ದುದನ್ನು 19ನೆಯ ಶತಮಾನದ ಚಿತ್ರಗಳಲ್ಲಿ ಕಾಣಬಹುದು. ಅವರಿಗೆ ಅದು ಹವ್ಯಾಸವಾಗಿರಲಿಲ್ಲ, ಸಂಪಾದನೆಯಾಗಿತ್ತು ಎಂಬುದನ್ನು ಮರೆಯಬಾರದು.

ನನ್ನದು ಸರಳ ವ್ಯವಸ್ಥೆ. ಉಂಡೆ ಮುಂಗೈಗೆ ನೇತುಹಾಕಿದ ಸಣ್ಣ ಚೀಲದಲ್ಲಿರುತ್ತದೆ, ಕಾಲುಚೀಲ ಗಿಡ್ಡ ಸರ್ಕ್ಯುಲರ್ ಸೂಜಿಯ ಮೇಲಿರುತ್ತದೆ. ಐದು ಬಿಡಿ ಸೂಜಿಗಳನ್ನು ದಾರಿಗೆ ಒಯ್ಯಬೇಡಿ. ಒಂದು ಬಿದ್ದರೆ ಉಳಿದ ನಾಲ್ಕನ್ನು ಹಿಡಿದುಕೊಂಡು ಬಗ್ಗುವುದು ಸರ್ಕಸ್ಸೇ ಸರಿ. ವಾಹನಗಳಿಲ್ಲದ, ಮೆಟ್ಟಿಲುಗಳಿಲ್ಲದ, ಹಗಲಿನಲ್ಲಿ ಕಾಲಿಗೆ ಪರಿಚಯವಿರುವ ದಾರಿಯಲ್ಲಿ ಮಾತ್ರ ಹೆಣೆಯುತ್ತೇನೆ. ಪಕ್ಷಿ ನೋಡುವ ಹವ್ಯಾಸವೂ ನನಗಿದೆ, ಅದರ ಜೊತೆ ಕಾಲುಚೀಲ ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ, ಮರದ ಕೆಳಗೆ ಅಲುಗಾಡದೆ ಕೂರುವುದಕ್ಕೆ ಅದೇ ನೆಪವಾಗುತ್ತದೆ. ಲೋಹದ ಸೂಜಿ ಟಿಕ್ ಟಿಕ್ ಎನ್ನುತ್ತದೆ, ಅಲ್ಲಿಗೆ ಮರದ ಸೂಜಿಯನ್ನೇ ಒಯ್ಯಬೇಕು.

ಒಂಟಿ ಕಾಲುಚೀಲ:

ಹೊಸಬರಿಗೆ ಎಲ್ಲರೂ ಕಾಲುಚೀಲವನ್ನು ಹೊಗಳುತ್ತಿದ್ದೀರಿ, ಅದರ ಕುಖ್ಯಾತ ಕಾಯಿಲೆಯನ್ನು ಯಾರೂ ಹೇಳುತ್ತಿಲ್ಲ. ಮೊದಲನೆಯದನ್ನು ಉತ್ಸಾಹದಿಂದ ಮುಗಿಸಿ, ಎರಡನೆಯದನ್ನು ಆರಂಭಿಸದೇ ಬೇರೆ ಹವ್ಯಾಸದತ್ತ ಜಾರುವುದು. ನನ್ನ ಪೆಟ್ಟಿಗೆಯಲ್ಲಿ ಜೊತೆಯಿಲ್ಲದ 5 ಕಾಲುಚೀಲಗಳಿವೆ. ಎರಡನ್ನೂ ಒಟ್ಟಿಗೆ ಒಂದೇ ಸೂಜಿಯ ಮೇಲೆ ಹೆಣೆಯಿರಿ ಎನ್ನುವವರಿದ್ದಾರೆ. ನಾನು ಪ್ರಯತ್ನಿಸಿದೆ, ಎರಡು ನೂಲುಗಳು ಒಂದಕ್ಕೊಂದು ಸುತ್ತಿಕೊಂಡು, ಒಂದು ಸುತ್ತು ಹೆಣೆದರೆ ಒಂದು ನಿಮಿಷ ಬಿಡಿಸುವುದೇ ಆಯಿತು. ಈಗ ಎರಡೂ ಅರ್ಧಕ್ಕೆ ನಿಂತಿವೆ, ಅಂದರೆ ಒಂಟಿಯಾಗಿಯೂ ಇಲ್ಲ.

ಪುಸ್ತಕದ ಹುಳು:

ಒಂಟಿ ಕಾಲುಚೀಲ ಅವರೇ, ನಿಮ್ಮದು ಉತ್ಸಾಹದ ಕೊರತೆಯಲ್ಲ, ಬರೆದಿಡದ ಕೊರತೆ ಎಂದು ನನ್ನ ಊಹೆ. ತಿಂಗಳ ನಂತರ ಎರಡನೆಯದಕ್ಕೆ ಕೂತಾಗ ರಿಬ್ಬು ಎಷ್ಟು ಸುತ್ತು, ಪಾದ ಎಷ್ಟು ಸುತ್ತು, ಸೂಜಿ ಯಾವುದು ಎಂದು ನೆನಪಿಲ್ಲದಿದ್ದರೆ ಯಾರಿಗಾದರೂ ಬೇಸರವೇ. ನಾನು ಓದುವ ಪುಸ್ತಕದ ಗುರುತುಪಟ್ಟಿಯ ಹಿಂಬದಿಯಲ್ಲಿ ಈ ಸಂಖ್ಯೆಗಳನ್ನು ಬರೆದಿಡುತ್ತೇನೆ. ಮೊದಲ ಕಾಲುಚೀಲವನ್ನು ಕಟ್ಟಿದ ಅದೇ ಸಂಜೆ, ಎದ್ದೇಳುವ ಮೊದಲು, ಎರಡನೆಯದರ 64 ಕುಣಿಕೆಗಳನ್ನು ಏರಿಸಿ ಒಂದು ಸುತ್ತು ಹೆಣೆದುಬಿಡುತ್ತೇನೆ. ಖಾಲಿ ಸೂಜಿಗಿಂತ ತುಂಬಿದ ಸೂಜಿಯೇ ಕರೆಯುತ್ತದೆ.

ಕೈತೋಟ:

ನೂಲು ಸಾಲದೇ ಹೋಗುವ ಭಯವೂ ಒಂದು ಕಾರಣವಿರಬಹುದು. ಕಾಲುಚೀಲದ ನೂಲು ಸಾಮಾನ್ಯವಾಗಿ 100 ಗ್ರಾಮಿಗೆ 400 ಮೀಟರಿನಷ್ಟು ಇರುತ್ತದೆ, ವಯಸ್ಕರ ಒಂದು ಜೊತೆಗೆ ಅಷ್ಟು ಸಾಕು. ಮೊದಲೇ ತೂಗಿ 50 ಮತ್ತು 50 ಗ್ರಾಮಿನ ಎರಡು ಉಂಡೆ ಮಾಡಿಕೊಂಡು, ಕಾಲ್ಬೆರಳಿನಿಂದ ಮೇಲಕ್ಕೆ ಹೆಣೆದರೆ, ಉಂಡೆ ಮುಗಿಯುವವರೆಗೂ ಕಣಕಾಲನ್ನು ಏರಿಸಬಹುದು. ಮುಕ್ಕಾಲು ಪಾಲು ಉಣ್ಣೆ, ಕಾಲು ಪಾಲು ನೈಲಾನ್ ಇರುವ ನೂಲನ್ನೇ ಆರಿಸಿ. ಪೂರ್ತಿ ಉಣ್ಣೆಯಾದರೆ ತೋಟದ ಬೂಟಿನೊಳಗೆ ಹಿಮ್ಮಡಿ ಬೇಗ ಸವೆಯುತ್ತದೆ. ಒಗೆಯುವಾಗ ಬಿಸಿ ನೀರು, ಉಜ್ಜುವುದು ಎರಡೂ ಬೇಡ. ಉಣ್ಣೆಯ ಎಳೆಯ ಮೇಲಿನ ಸೂಕ್ಷ್ಮ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕಾಲುಚೀಲ ಬೊಂಬೆಯ ಅಳತೆಗೆ ಬರುತ್ತದೆ.

ಚದುರಂಗಿ:

ಯಂತ್ರ ಅರೆಗಳಿಗೆಯಲ್ಲಿ ಮಾಡುವುದನ್ನು ಕೈಯಲ್ಲಿ ವಾರಗಟ್ಟಲೆ ಮಾಡುವುದೇಕೆ ಎಂದು ನಮ್ಮ ಮನೆಯಲ್ಲಿ ಕೇಳುತ್ತಾರೆ. 4ನೆಯ ಶತಮಾನದ ಆಸುಪಾಸಿನಲ್ಲೇ ಈಜಿಪ್ಟಿನಲ್ಲಿ ಕಾಲುಚೀಲ ಹೆಣೆಯುತ್ತಿದ್ದರೆಂದು ಹೇಳಿ ಅವರ ಬಾಯಿ ಮುಚ್ಚಿಸುತ್ತೇನೆ.

ಐದು ಸೂಜಿ:

ಚದುರಂಗಿ ಅವರೇ, ಆ ವಾದದಲ್ಲಿ ಒಂದು ಕುಣಿಕೆ ಜಾರಿದೆ. ಹೆಬ್ಬೆರಳಿಗೆ ಬೇರೆ ಗೂಡಿರುವ, ಚಪ್ಪಲಿಯೊಂದಿಗೆ ತೊಡುತ್ತಿದ್ದ ಆ ಕೆಂಪು ಕಾಲುಚೀಲಗಳು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿವೆ, ಆದರೆ ಅವು ಎರಡು ಸೂಜಿಯ ಹೆಣಿಗೆಯಲ್ಲ. ಕಣ್ಣಿರುವ ಒಂದೇ ಸೂಜಿಯಿಂದ, ಗಿಡ್ಡ ಗಿಡ್ಡ ನೂಲಿನ ತುಂಡುಗಳನ್ನು ಕುಣಿಕೆಯೊಳಗೆ ಪೂರ್ತಿ ಎಳೆದು ಮಾಡುವ ಬೇರೆ ಕಲೆ ಅದು. ನಮ್ಮ ಹೆಣಿಗೆ ಎಳೆದರೆ ಬಿಚ್ಚುತ್ತದೆ, ಅದು ಬಿಚ್ಚುವುದಿಲ್ಲ. ಯಂತ್ರದ ಮಾತಿಗೆ ಬಂದರೆ, ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರವನ್ನು 1589ರಲ್ಲಿಯೇ ಮಾಡಿದರು. ಆದ್ದರಿಂದ ಯಂತ್ರ ಬಂದ ಮೇಲೆಯೂ 400ಕ್ಕೂ ಹೆಚ್ಚು ವರ್ಷಗಳಿಂದ ಜನ ಕೈಯಲ್ಲಿ ಹೆಣೆಯುತ್ತಲೇ ಇದ್ದಾರೆ ಎಂದು ಮನೆಯಲ್ಲಿ ಹೇಳಿ, ಅದು ಇನ್ನೂ ಬಲವಾದ ವಾದ.

ನೂಲಿನುಂಡೆ:

3 ವಾರಗಳ ನಂತರ ಬರೆಯುತ್ತಿದ್ದೇನೆ. ಜಡೆಯನ್ನು ಹಗಲು ಬೆಳಕಿನಲ್ಲಿ, ಬಾಗಿಲು ಹಾಕಿಕೊಂಡು ಸರಿಪಡಿಸಿದೆ. 9ನೆಯ ಮೆಟ್ಟಿಲನ್ನು ಬಿಟ್ಟು 10ನೆಯದನ್ನು ಎತ್ತಿಕೊಂಡಿದ್ದರಿಂದ ಒಮ್ಮೆ ಹಿಂದಕ್ಕೆ ಹೋಗಬೇಕಾಯಿತು, ಉಳಿದಂತೆ ಐದು ಸೂಜಿ ಅವರು ಹೇಳಿದ ಹಾಗೆಯೇ ನಡೆಯಿತು. ಈಗ ಎಲ್ಲಿ ತಪ್ಪಿತ್ತೆಂದು ನನಗೇ ಹುಡುಕಬೇಕು.

ಸ್ವೆಟರ್ ಮೇಜು ಬಿಟ್ಟು ಏಳುವುದಿಲ್ಲ, ಅದಕ್ಕೆ ಭಾನುವಾರದ ಬೆಳಗು ಮೀಸಲು. ಕಾಲುಚೀಲದ ಚೀಲ ಬಾಗಿಲ ಬಳಿಯ ಗೂಟದಲ್ಲಿದೆ. ಓದುತ್ತ ಹೆಣೆಯುವುದನ್ನು ಬಿಟ್ಟಿದ್ದೇನೆ, ಪುಸ್ತಕದ ಹುಳು ಅವರ ಕಡೆಗೇ ನನ್ನ ಮತ. ಗಿಡಗಳಿಗೆ ನೀರು ಹಾಕುವುದು ಸಂಜೆಗೆ ಹೋಗಿದೆ, ಅವು ಆಕ್ಷೇಪಿಸಿಲ್ಲ. ನಡಿಗೆಯಲ್ಲಿ ಹೆಣೆಯುವ ಧೈರ್ಯ ಇನ್ನೂ ಬಂದಿಲ್ಲ, ಒಮ್ಮೆ ಪ್ರಯತ್ನಿಸಿದಾಗ ಉಂಡೆ ಚೀಲದಿಂದ ಹಾರಿ ನನ್ನನ್ನು ಹಿಂಬಾಲಿಸಿಕೊಂಡು ಬಂದಿತು, ಎದುರಿಗೆ ಬಂದವರು ಹೇಳುವವರೆಗೆ ನನಗೆ ತಿಳಿಯಲೇ ಇಲ್ಲ.

ಮೊದಲ ಕಾಲುಚೀಲ ಮುಗಿಯಿತು. ಹಿಮ್ಮಡಿಯ ಪಕ್ಕದಲ್ಲಿ ಒಂದು ಸಣ್ಣ ತೂತಿದೆ, ಮುಂದಿನ ಸಲ ಅಲ್ಲಿ ಒಂದು ಕುಣಿಕೆ ಹೆಚ್ಚಾಗಿ ಎತ್ತಿಕೊಳ್ಳುತ್ತೇನೆ. ಎರಡನೆಯದು 61ನೆಯ ಸುತ್ತಿನಲ್ಲಿದೆ, ಇನ್ನು ಮೂರು ಸುತ್ತಿಗೆ ಹಿಮ್ಮಡಿ ಬರುತ್ತದೆ. ಕೇಳುತ್ತಿದ್ದ ಕಥೆಯನ್ನು ನಿಲ್ಲಿಸಿದ್ದೇನೆ.